ಹಿಂದೆ ಸರಿಯದ ನೀಲಿ ಲಾರಿ

ಲಾರಿ ಕೊಳ್ಳಬೇಕೆಂದು ಎಸೆನ್‌ಕುಲ್ ಯಾವತ್ತೂ ಅಂದುಕೊಂಡವನಲ್ಲ. ಬಾಯಿ ಜಾರಿ ಒಂದು ಮಾತು ಬಿತ್ತು, ಆಮೇಲೆ ಕೊಳ್ಳದೆ ವಿಧಿಯಿರಲಿಲ್ಲ.

ಅವನ ಹೆಂಡತಿ ಬುರುಲಳ ಅಣ್ಣ ತುರ್ಗುನ್‌ನದು ಇಡೀ ತೆರೆಕ್‌ಬೆಲ್ ಊರಿಗೆ ಒಂದೇ ಲಾರಿ. ಪ್ರತಿ ಬೇಸಿಗೆಯಲ್ಲೂ ಎಸೆನ್‌ಕುಲನ ಕಂಬಳಿ ಗುಡಾರ, ಪೆಟ್ಟಿಗೆಗಳು, ಹುಟ್ಟಿ ತಿಂಗಳಾಗದ ಕುರಿಮರಿಗಳು, ಕಡೆಗೆ ಬುರುಲ್, ಎಲ್ಲವೂ ಆ ಲಾರಿಯಲ್ಲೇ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗುತ್ತಿದ್ದವು. ತುರ್ಗುನ್ ಬಾಡಿಗೆ ಕೇಳುವ ಪೈಕಿಯಲ್ಲ. ನೆನಪು ಮಾತ್ರ ಮಾಡುತ್ತಿದ್ದ. ಮದುವೆಯಲ್ಲಿ ನೆನಪು ಮಾಡುತ್ತಿದ್ದ, ತಿಥಿಯಲ್ಲಿ ನೆನಪು ಮಾಡುತ್ತಿದ್ದ, ಯಾರೂ ಏನೂ ಮಾತಾಡದೆ ಸುಮ್ಮನೆ ಕೂತಿದ್ದರೆ ಆಗಲೂ ನೆನಪು ಮಾಡುತ್ತಿದ್ದ.

ಆ ದಿನವೂ ಅಷ್ಟೇ. ಯಾರದೋ ಮಗುವಿನ ತೊಟ್ಟಿಲ ಊಟ. ಬೇಯಿಸಿದ ಕುರಿಯ ತಲೆಯನ್ನು ಮರ್ಯಾದೆಯಿಂದ ತುರ್ಗುನ್‌ನ ಮುಂದಿಟ್ಟಿದ್ದರು. ಅವನು ಅದರ ಕಿವಿ ಕೊಯ್ಯುತ್ತಾ, ತಾನಿಲ್ಲದಿದ್ದರೆ ತನ್ನ ತಂಗಿ ಗುಡಾರವನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಬೇಕಾಗಿತ್ತು ಎಂದು ನಿಟ್ಟುಸಿರು ಬಿಟ್ಟ. ಎಸೆನ್‌ಕುಲ್ ಆಗ ತೆರೆದ ಬಾಗಿಲಿನಾಚೆ ನೋಡುತ್ತಿದ್ದ. ಗುಡ್ಡದ ಮೇಲೆ ಒಂದು ಮೋಡದ ನೆರಳು ನಿಧಾನವಾಗಿ ಏರುತ್ತಿತ್ತು. ನೆರಳಿಗೆ ಚಕ್ರವಿದ್ದರೆ ಎಷ್ಟು ಚೆನ್ನ ಎಂದು ಅವನು ಯೋಚಿಸುತ್ತಿದ್ದಾಗ, ಬಾಯಿ ಅವನ ಅಪ್ಪಣೆ ಕೇಳದೆ ಮಾತಾಡಿಬಿಟ್ಟಿತು.

"ಈ ವರ್ಷ ನಾವು ನಮ್ಮ ಲಾರೀಲೇ ಹೋಗ್ತೀವಿ."

ಎಲ್ಲರ ಕೈಯಲ್ಲಿದ್ದ ಮಾಂಸ ಅಲ್ಲಲ್ಲೇ ನಿಂತಿತು. ಬುರುಲ್ ಗಂಡನ ಕಡೆ ನೋಡಲಿಲ್ಲ, ಟೀ ಬಟ್ಟಲಿನ ತಳ ನೋಡಿದಳು. ತುರ್ಗುನ್ ಮಾತ್ರ ಕಿವಿ ಅಗಿಯುತ್ತಾ, "ದೊಡ್ಡ ಮಾತು ನಮ್ಮನೆ ಅಳಿಯನದು. ಬರಲಿ, ಬರಲಿ. ನಾವೂ ಕಣ್ತುಂಬ ನೋಡೋಣ" ಎಂದ.

ಹೀಗಾಗಿ ಹಿಮ ಕರಗುವ ಹೊತ್ತಿಗೆ ಎಸೆನ್‌ಕುಲ್ ಒಂದು ಒಳ್ಳೆಯ ಕುದುರೆಯನ್ನೂ ಒಂದಿಷ್ಟು ಕುರಿಗಳನ್ನೂ ಹೊಡೆದುಕೊಂಡು ಪೇಟೆಯ ದನದ ಸಂತೆಗೆ ಹೋದ. ಸಂತೆಯ ಹಿಂಬದಿಯಲ್ಲಿ ಹಳೆಯ ಗಾಡಿಗಳು ನಿಲ್ಲುವ ಬಯಲಿತ್ತು. ಅಲ್ಲೊಂದು ನೀಲಿ ಲಾರಿ. ಸಾಮೂಹಿಕ ಬೇಸಾಯದ ಕಾಲದ್ದು, ಗುಂಡು ಮೂತಿ, ಮರದ ಹಲಗೆಯ ಮೈ, ದೀಪಗಳೆರಡೂ ಆಗತಾನೇ ನಿದ್ದೆಯಿಂದ ಎದ್ದವರ ಕಣ್ಣಿನಂತೆ. ಎಸೆನ್‌ಕುಲ್ ಹತ್ತಿರ ಹೋಗಿ, ಬೇರೆಯವರು ಮಾಡುವುದನ್ನು ನೋಡಿದ್ದಂತೆ ಟೈರಿಗೆ ಒಂದು ಒದೆ ಕೊಟ್ಟ. ಬಾನೆಟ್ ಎತ್ತಿ, ಒಳಗಿನದೆಲ್ಲ ತನಗೆ ಹಳೆಯ ಪರಿಚಯ ಎಂಬಂತೆ ತಲೆಯಾಡಿಸಿ ಮುಚ್ಚಿದ. ಲಾರಿಯ ಯಜಮಾನ ಒಬ್ಬ ಮುದುಕ. ಅವನು ಸುಳ್ಳು ಹೇಳಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು.

"ತಮ್ಮಾ, ಮೊದಲೇ ಹೇಳ್ಬಿಡ್ತೀನಿ. ಇದು ಮುಂದಕ್ಕೆ ಮಾತ್ರ ಹೋಗೋ ಗಾಡಿ."

"ಅಂಥದ್ದೇ ಬೇಕು ನನಗೆ," ಎಂದ ಎಸೆನ್‌ಕುಲ್. ಮುದುಕನ ಮಾತು ಅವನ ಎದೆಗೆ ತಟ್ಟಿತ್ತು.

"ಯೋಚನೆ ಮಾಡು. ಹಿಂದಕ್ಕೆ ಅಂತ ಇದರ ಜಾತಕದಲ್ಲೇ ಇಲ್ಲ."

"ಹಿಂದೆ ಏನಿದೆ ಅಜ್ಜಾ, ಬಿಡಿ," ಎಂದು ಎಸೆನ್‌ಕುಲ್ ಕುದುರೆಯ ಹಗ್ಗವನ್ನು ಮುದುಕನ ಕೈಗಿಟ್ಟ. ಇಷ್ಟು ತಿಳಿದ ಗಿರಾಕಿಯನ್ನು ಮುದುಕ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

ಎಸೆನ್‌ಕುಲ್‌ಗೆ ಓಡಿಸಲು ಬರುತ್ತಿತ್ತು. ಹಿಂದೊಮ್ಮೆ ಸಾಮೂಹಿಕ ಬೇಸಾಯದ ಟ್ರ್ಯಾಕ್ಟರ್ ಅವನ ಕೈಯಲ್ಲಿತ್ತು. ಉಳುತ್ತಾ ಉಳುತ್ತಾ ಕನಸಿಗೆ ಜಾರಿ ಪಕ್ಕದೂರಿನ ಹೊಲವನ್ನೂ ಉತ್ತು ಬಂದದ್ದಕ್ಕೆ ಅದನ್ನು ಅವನಿಂದ ಬಿಡಿಸಿದ್ದರು. ಈ ಲಾರಿಯ ಎಂಜಿನ್ನಿಗಂತೂ ಒಂದು ವಿಚಿತ್ರ ಗುಣವಿತ್ತು. ಅದು ಗುಡುಗುತ್ತಿರಲಿಲ್ಲ, ಗುನುಗುತ್ತಿತ್ತು. ಹೊಳೆಯ ದಂಡೆಗುಂಟ ಊರಿಗೆ ಬರುವಾಗ ಎಸೆನ್‌ಕುಲ್‌ಗೆ ತಾನು ಓಡಿಸುತ್ತಿದ್ದೇನೋ, ಯಾರೋ ತನ್ನನ್ನು ತೊಟ್ಟಿಲಲ್ಲಿ ತೂಗುತ್ತಿದ್ದಾರೋ ಗೊತ್ತಾಗಲಿಲ್ಲ.

ಊರಿಗೆ ಊರೇ ಅವನ ಅಂಗಳದಲ್ಲಿ ನೆರೆಯಿತು. ಬುರುಲ್ ಬಾನೆಟ್ಟಿಗೆ ಬೆಣ್ಣೆ ಸವರಿದಳು, ಹೆಂಗಸರು ಮಿಠಾಯಿ ಎರಚಿದರು, ಹಿರಿಯರು ಕೈಯೆತ್ತಿ ಹರಸಿದರು. ತುರ್ಗುನ್ ಲಾರಿಯನ್ನು ಒಂದು ಸುತ್ತು ಹಾಕಿ ನೋಡಿ, ಎಲ್ಲರಿಗೂ ಕೇಳುವಂತೆ, ಒಳಗೆ ತಂದದ್ದೇನೋ ಆಯಿತು, ಈಗ ಹಿಂದಕ್ಕೆ ತೆಗೆದು ಹುಲ್ಲಿನ ಮೆದೆಯ ಪಕ್ಕಕ್ಕೆ ನಿಲ್ಲಿಸಲಿ ನೋಡೋಣ ಎಂದ.

ಎಸೆನ್‌ಕುಲ್ ಗೇರು ಹಿಂದಕ್ಕೆ ಹಾಕಿದ. ಒಳಗಿನಿಂದ, ಮುದುಕನೊಬ್ಬ ಏನೋ ನೆನಪು ಮಾಡಿಕೊಳ್ಳಲು ಹೋಗಿ ಅರ್ಧಕ್ಕೇ ಮರೆತಂಥ ಸದ್ದು ಬಂತು. ಲಾರಿ ಅಲ್ಲಾಡಲಿಲ್ಲ. ಮತ್ತೆ ಹಾಕಿದ. ಮುದುಕ ಮತ್ತೆ ಮರೆತ. ಸಂತೆಯ ಯಜಮಾನ ಹೇಳಿದ್ದು ಬದುಕಿನ ವಿಚಾರವಲ್ಲ, ಗೇರಿನ ವಿಚಾರ ಎಂದು ಎಸೆನ್‌ಕುಲ್‌ಗೆ ಹೊಳೆದದ್ದು ಆಗ. ಕಿಟಕಿಯಾಚೆ ಅಷ್ಟೂ ಮುಖಗಳು ಕಾಯುತ್ತಿದ್ದವು. ತುರ್ಗುನ್‌ನ ಮೀಸೆ ಆಗಲೇ ನಗುವುದಕ್ಕೆ ಸಿದ್ಧವಾಗುತ್ತಿತ್ತು. ಲಾರಿ ಹಿಂದಕ್ಕೆ ಹೋಗಲ್ಲ ಎಂದು ಹೇಳಲೆಂದೇ ಎಸೆನ್‌ಕುಲ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಗಾಬರಿಯಲ್ಲಿ ಮಾತು ಬೇರೆಯಾಗಿ ಬಂತು.

"ನಾನು ಹಿಂದಕ್ಕೆ ಹೋಗಲ್ಲ."

ಅಷ್ಟು ಹೇಳಿದ ಮೇಲೆ ಮಾಡುವುದಕ್ಕೆ ಒಂದೇ ಕೆಲಸ ಉಳಿದಿತ್ತು. ಮೊದಲ ಗೇರು ಹಾಕಿ ಮುಂದಕ್ಕೆ ಹೋದ. ಮುಂದೆ ಅಂಗಳದ ಹಿಂಗೋಡೆ ಇತ್ತು. ಚಳಿಗಾಲವೆಲ್ಲ ಹಿಮ ಕುಡಿದ ಮಣ್ಣಿನ ಗೋಡೆ, ಹೆಚ್ಚು ಗಲಾಟೆ ಮಾಡದೆ, ದಣಿದ ಒಂಟೆ ಮೊಣಕಾಲೂರಿದಂತೆ ಮಲಗಿಕೊಂಡಿತು. ಧೂಳು ಇಳಿದಾಗ ನೀಲಿ ಲಾರಿ ಪಕ್ಕದ ಮನೆಯ ಸುಯುಮ್ ಅಪಾಳ ಆಲೂಗಡ್ಡೆ ಪಾತಿಯ ಅಂಚಿನಲ್ಲಿತ್ತು. ಮುದುಕಿ ಗುದ್ದಲಿಯ ಮೇಲೆ ಗದ್ದವಿಟ್ಟು ನೋಡಿದಳು.

"ಎಸೆನ್‌ಕುಲ್, ನಿನ್ನ ಮನೆ ಬಾಗಿಲು ಆ ಕಡೆಗಲ್ವೇನೋ ಇರೋದು?"

"ಹೌದು ಅಪಾ. ಇದು ಇನ್ನೊಂದು."

ತುರ್ಗುನ್‌ನ ಮೀಸೆಗೆ ನಗಲು ತೋಚಲಿಲ್ಲ. ಉಪ್ಪು ಕೇಳಲು ಹೋಗಿ ನಾಚಿ ಬರಿಗೈಯಲ್ಲಿ ವಾಪಸು ಬರುತ್ತಿದ್ದ ಎಸೆನ್‌ಕುಲ್ ಕೊಟ್ಟ ಮಾತಿಗೆ ಗೋಡೆ ಕೆಡವಿದ! ಜನ ಗುಸುಗುಸು ಮಾತಾಡುತ್ತಾ ಮನೆಗಳಿಗೆ ಹೋದರು.

ಅಲ್ಲಿಂದ ಎಸೆನ್‌ಕುಲನ ದುಡಿಮೆ ಶುರುವಾಯಿತು. ಲಾರಿ ಮುದಿಯಾದರೂ ಮೈಗಳ್ಳ ಅಲ್ಲ. ಕಲ್ಲಿದ್ದಲು ಹೇರಿದರೂ ಸರಿ, ಗೊಬ್ಬರ ಹೇರಿದರೂ ಸರಿ, ಮನೆಯೆತ್ತರ ಹುಲ್ಲು ಹೇರಿದರೂ ಸರಿ, ಅದೇ ಗುನುಗಿನಲ್ಲಿ ಗುಡ್ಡ ಹತ್ತುತ್ತಿತ್ತು. ಆದರೆ ಹೋದ ದಾರಿಯಲ್ಲಿ ಅದು ತಿರುಗಿ ಬರುವಂತಿರಲಿಲ್ಲ. ಎಸೆನ್‌ಕುಲ್ ಹೊರಡುವ ಮೊದಲು ಕಣ್ಣು ಮುಚ್ಚಿ, ಎಲ್ಲಿಂದ ಹೊಕ್ಕು ಎಲ್ಲಿಂದ ಹೊರಬೀಳುವುದೆಂದು ಇಡೀ ಕಣಿವೆಯನ್ನು ಮನಸ್ಸಿನಲ್ಲೇ ಸುತ್ತಿ ಬರುತ್ತಿದ್ದ. ಆ ಸುತ್ತು ಅವನಿಗೆ ಎಷ್ಟು ಹಿತವಾಗಿರುತ್ತಿತ್ತೆಂದರೆ ಕೆಲವು ಸಲ ನಿಜವಾಗಿ ಹೊರಡುವುದೇ ಮರೆತುಹೋಗುತ್ತಿತ್ತು. ಊರವರು ಇದನ್ನು ದೂರದಿಂದ ನೋಡಿ, ಎಸೆನ್‌ಕುಲ್ ಪ್ರಾರ್ಥನೆ ಮಾಡದೆ ಚಕ್ರ ಉರುಳಿಸುವುದಿಲ್ಲ ಎಂದರು.

ಕಲ್ಲಿದ್ದಲು ತರಿಸುವ ಮನೆಯವರಿಗೆ ಅವನು ಮೆಲ್ಲಗೆ, ಹಿಂದುಗಡೆ ಒಂದು ಗೇಟಿದ್ದರೆ ಒಳ್ಳೆಯದು ಎನ್ನುತ್ತಿದ್ದ. ಗಾಳಿ ಬೆಳಕಿಗೆ ಇರಬೇಕು ಎಂದುಕೊಂಡು ಒಬ್ಬೊಬ್ಬರಾಗಿ ಹಿಂಗೋಡೆ ಒಡೆದರು. ಸುಯುಮ್ ಅಪಾ ತನ್ನ ಪಾತಿಯನ್ನು ಒಂದು ಕಡೆಗೆ ಸರಿಸಿಕೊಂಡು ಉಳಿದದ್ದಕ್ಕೆ ರಸ್ತೆ ಎಂದು ಹೆಸರಿಟ್ಟಳು. ದಾರಿಯ ಮಧ್ಯೆ ಸ್ಟೂಲು ಹಾಕಿಕೊಂಡು ನೂಲುತ್ತಾ ಕೂತು, ಲಾರಿ ಬಂದಾಗ ಮಾತ್ರ ಎದ್ದು ದಾರಿ ಬಿಡುತ್ತಿದ್ದಳು. ಹುಲ್ಲಿನ ಮೇಲೆ ಹತ್ತಿ ಕೂತವರಿಗಂತೂ ಆ ಗುನುಗಿಗೆ, ಹುಲ್ಲಿನ ಘಮಕ್ಕೆ ಕಣ್ಣು ಎಳೆಯುತ್ತಿತ್ತು. ನಿದ್ದೆ ಬಾರದ ಮುದುಕರು ಏನಾದರೊಂದು ನೆಪ ಹೇಳಿ ಹತ್ತಿಕೊಳ್ಳುತ್ತಿದ್ದರು.

ತುರ್ಗುನ್‌ನ ಲಾರಿ ಆ ವಸಂತದಲ್ಲಿ ಕೆಟ್ಟು ನಿಂತಿತು. ಬಿಡಿಭಾಗ ಬರುವವರೆಗೆ ಅವನೂ ತಂಗಿಯ ಗಂಡನ ಲಾರಿಯಲ್ಲೇ ಹುಲ್ಲು ತರಬೇಕಾಯಿತು. ಹಾಗೆ ಇಬ್ಬರೂ ಕೆಳಗಿನ ಕಣಿವೆಯಿಂದ ಹುಲ್ಲು ಹೇರಿಕೊಂಡು ಬರುತ್ತಿದ್ದ ಮಧ್ಯಾಹ್ನ, ಕೊರಕಲಿನ ರಸ್ತೆಯಲ್ಲಿ ಎದುರಿಗೆ ಜಿಲ್ಲಾಧಿಕಾರಿಯ ಜೀಪು ಬಂತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಕೆಳಗೆ ನೊರೆಗಟ್ಟಿದ ಹೊಳೆ. ಜೀಪಿನ ಡ್ರೈವರ್ ಹಾರ್ನ್ ಹೊಡೆದ. ಎಸೆನ್‌ಕುಲ್ ಬ್ರೇಕ್ ಒತ್ತಿದ. ಪಕ್ಕದಲ್ಲಿ ತುರ್ಗುನ್ ಕಣ್ಣು ಪಿಳಿಪಿಳಿ ಬಿಡುತ್ತಾ ಕೂತಿದ್ದ. ಅವನೆದುರು ನಿಜ ಹೇಳುವುದಕ್ಕಿಂತ ಹೊಳೆಗೆ ಹಾರುವುದು ಸುಲಭ.

ಜಿಲ್ಲಾಧಿಕಾರಿ ಇಳಿದು ಕಿಟಕಿಯ ಹತ್ತಿರ ಬಂದ. "ಹಿಂದಕ್ಕೆ ತಗೋ."

"ನನ್ನಿಂದ ಆಗಲ್ಲ ಸ್ವಾಮಿ," ಎಂದ ಎಸೆನ್‌ಕುಲ್. ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ನಾನು ಯಾರು ಅಂತ ಗೊತ್ತಾ?"

"ಗೊತ್ತು. ತಾವು ಅಲ್ಲ, ನಮ್ಮಪ್ಪನೇ ಎದ್ದು ಬಂದು ಹೇಳಿದರೂ ಆಗಲ್ಲ."

ಇದೂ ನಿಜವೇ. ಆದರೆ ಹೇಳಿದ ರೀತಿಯಲ್ಲಿ ಎಂಥ ವಿನಯವಿತ್ತೆಂದರೆ ಜಿಲ್ಲಾಧಿಕಾರಿಗೆ ಭಯವಾಯಿತು. ಕೂಗಾಡುವವರನ್ನು ಅವನು ನೋಡಿದ್ದ, ಇಷ್ಟು ಮೃದುವಾಗಿ ಇಲ್ಲವೆನ್ನುವವನ ಬೆನ್ನಿಗೆ ರಾಜಧಾನಿಯಲ್ಲಿ ಯಾರೋ ಇರಲೇಬೇಕು. ಅವನು ಹೋಗಿ ಜೀಪು ಹತ್ತಿದ. ಜೀಪು ತಿರುವಿನಿಂದ ತಿರುವಿಗೆ ಹಿಂದೆ ಹಿಂದೆ ಹೋಗುತ್ತಾ, ಕೊರಕಲಿನ ಬಾಯಿಯವರೆಗೂ ಅವರಿಗೆ ದಾರಿ ಬಿಟ್ಟಿತು. ಲಾರಿ ತುರ್ಗುನ್‌ನ ಮನೆ ಮುಟ್ಟಿತು. ಇಳಿಯುವಾಗ ಅವನು, ಜೀವನದಲ್ಲಿ ಮೊದಲ ಬಾರಿಗೆ, ಎಸೆನ್‌ಕುಲ್‌ಗೆ ಬಹುವಚನ ಹಾಕಿ ಮಾತಾಡಿದ.

ಸಂಜೆಗೆ ಸುದ್ದಿ ಬೆಳೆಯಿತು. ಎಸೆನ್‌ಕುಲ್ ಜೀಪಿನ ಬೀಗದ ಕೈ ಕಿತ್ತು ಹೊಳೆಗೆ ಎಸೆದ ಎಂದರು. ಜಿಲ್ಲಾಧಿಕಾರಿ ಟೋಪಿ ತೆಗೆದು ಕ್ಷಮೆ ಕೇಳಿದ ಎಂದರು. ಜಿಲ್ಲಾಧಿಕಾರಿ ಟೋಪಿಯನ್ನೇ ಹಾಕುವುದಿಲ್ಲ ಎಂದು ಎಸೆನ್‌ಕುಲ್ ಹೇಳಿದ್ದಕ್ಕೆ, ಈಗ ಹೇಗೆ ತಾನೇ ಹಾಕಿಯಾನು ಎಂದು ಸುಯುಮ್ ಅಪಾ ಎಲ್ಲರಿಗೂ ತಿಳಿಸಿ ಬಂದಳು.

ಊರಿಗೆ ಇಂಥ ಒಬ್ಬ ಮನುಷ್ಯ ಬೇಕಾದ ಸಮಯವೂ ಅದೇ ಆಗಿತ್ತು. ಬೇಸಿಗೆಯ ಹುಲ್ಲುಗಾವಲಿಗೆ ಪಕ್ಕದ ಚಾಯ್‌ಬುಲಾಕ್ ಊರಿನ ಮೇಲೆ ಹಾದು ಹೋಗಬೇಕು. ಅಜ್ಜಂದಿರ ಕಾಲದಿಂದ ಹಾಗೇ ಹೋಗುತ್ತಿದ್ದರು. ಈ ವರ್ಷ ಇದ್ದಕ್ಕಿದ್ದಂತೆ ಆ ಊರಿನ ಮುಖ್ಯಸ್ಥ ಬೆಕ್ತೂರ್, ತೆರೆಕ್‌ಬೆಲ್‌ನ ಒಂದು ಗಾಡಿಯೂ ತನ್ನ ದಾರಿ ಹತ್ತಕೂಡದೆಂದು ಹೇಳಿ ಕಳಿಸಿದ್ದ. ಕಾರಣ ಹೇಳಿರಲಿಲ್ಲ. ಮೇಲಿನ ಹುಲ್ಲು ಸಿಗದಿದ್ದರೆ ಮುಂದಿನ ಚಳಿಗಾಲಕ್ಕೆ ಊರಿನ ಅರ್ಧ ಕುರಿಗಳೂ ಉಳಿಯುವಂತಿರಲಿಲ್ಲ. ಬೆಕ್ತೂರ್ ಮಹಾ ಜಗಮೊಂಡ. ಅವನೆದುರು ಮಾತಾಡಲು ಹೋದವರೆಲ್ಲ ಅವನ ಟೀ ಕುಡಿದು, ಅವನದೇ ಮಾತಿಗೆ ಹೂಂಗುಟ್ಟಿ ಬಂದಿದ್ದರು.

ಬಿಳಿ ಉಣ್ಣೆ ಟೋಪಿಯ ಹಿರಿಯರೆಲ್ಲ ಎಸೆನ್‌ಕುಲನ ಮನೆಗೆ ಬಂದು ಹಾಸಿನ ಮೇಲೆ ಕೂತರು. ಎಲ್ಲರಿಗಿಂತ ಮುಂದೆ ನಿನ್ನ ಲಾರಿ ಹೋಗಲಿ, ನಾವು ಹಿಂದೆ ಬರುತ್ತೇವೆ ಎಂದರು. ತನಗೆ ಆ ಯೋಗ್ಯತೆ ಇಲ್ಲ ಎಂದ ಎಸೆನ್‌ಕುಲ್. ದೊಡ್ಡವರೆಲ್ಲ ಹೀಗೇ ಹೇಳುವುದು ಎಂದು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ಮೆಚ್ಚಿಕೊಂಡರು. ಲಾರಿ ಹಳೆಯದು ಎಂದ. ಹಳೆಯದರಲ್ಲೇ ಸತ್ವ ಇರುವುದು ಎಂದರು. ಎಸೆನ್‌ಕುಲ್ ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದ. ಬುರುಲ್ ಎಲ್ಲರಿಗೂ ಟೀ ಬಗ್ಗಿಸುತ್ತಾ, "ಹೋಗಿ ಬನ್ರೀ, ಅಷ್ಟು ಹೇಳ್ತಿದಾರೆ" ಎಂದಳು.

ಹೊರಟ ದಿನ ಬೆಳಗಿನಿಂದಲೇ ಮೋಡ ಬೆಟ್ಟದ ಹೆಗಲಿಗೆ ಇಳಿದಿತ್ತು. ನೀಲಿ ಲಾರಿಯ ಮೇಲೆ ಗುಡಾರದ ಕೋಲುಗಳು, ಕಂಬಳಿಗಳು, ಪೆಟ್ಟಿಗೆಗಳು, ಎಲ್ಲಕ್ಕಿಂತ ಮೇಲೆ ಸುಯುಮ್ ಅಪಾ ಮತ್ತು ಅವಳ ಮೇಕೆ. ಹಿಂದೆ ಕುರಿಗಳ ಹಿಂಡು, ಕುದುರೆ ಸವಾರರು, ಇಡೀ ಊರು. ಬೆಟ್ಟದ ಪಕ್ಕೆಗೆ ಅಂಟಿಕೊಂಡ ಕಿರಿದಾರಿ ಮುಗಿದರೆ ಹುಲ್ಲುಗಾವಲು. ಇನ್ನೇನು ದಾರಿ ಅಗಲವಾಗಬೇಕು, ಎದುರಿಗೆ ಮಂಜಿನೊಳಗಿಂದ ಇನ್ನೊಂದು ಲಾರಿ ಮೂಡಿ ಬಂತು. ಅದೂ ಅದೇ ಕಾಲದ್ದು, ಬಣ್ಣ ಮಾತ್ರ ಹಸಿರು. ಸ್ಟೇರಿಂಗ್ ಹಿಂದೆ ಬೆಕ್ತೂರ್, ಅವನ ಹಿಂದೆ ಚಾಯ್‌ಬುಲಾಕ್‌ನ ಗಂಡಸರು. ಎರಡೂ ಲಾರಿಗಳು ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಬಂದು ನಿಂತವು.

ಬೆಕ್ತೂರ್ ಹಿಂದಕ್ಕೆ ಹೋಗು ಎಂದು ಕೈಯಾಡಿಸಿದ. ಎಸೆನ್‌ಕುಲ್ ತಲೆಯಾಡಿಸಿದ. ತೆರೆಕ್‌ಬೆಲ್‌ನವರ ಎದೆಯುಬ್ಬಿತು. ಎಸೆನ್‌ಕುಲ್ ಕೈಯಾಡಿಸಿದ. ಬೆಕ್ತೂರ್ ತಲೆಯಾಡಿಸಿದ. ಈಗ ಚಾಯ್‌ಬುಲಾಕ್‌ನವರ ಎದೆಯುಬ್ಬಿತು. ಆಮೇಲೆ ಇಬ್ಬರೂ ಎಂಜಿನ್ ಆರಿಸಿ ಕೂತರು.

ಕಾದು ಕಾದು ಕುರಿಗಳು ಚಕ್ರಗಳ ನಡುವೆ ಮಲಗಿದವು. ಸುಯುಮ್ ಅಪಾ ಮೇಲಿನಿಂದಲೇ ಎದುರು ಕಡೆಯ ಯಾರನ್ನೋ ಗುರುತು ಹಿಡಿದು, ನಿಮ್ಮಮ್ಮನ ಸೊಂಟ ಹೇಗಿದೆ ಎಂದು ವಿಚಾರಿಸಿದಳು. ಆ ಕಡೆಯಿಂದ ಚರ್ಮದ ಚೀಲದಲ್ಲಿ ಹೆಣ್ಣುಕುದುರೆಯ ಹುಳಿಹಾಲು ಬಂತು, ಈ ಕಡೆಯಿಂದ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಹೋಯಿತು. ಮಂಜು ಎಷ್ಟು ದಟ್ಟವಾಯಿತೆಂದರೆ, ಯಾರು ಯಾವ ಊರಿನವರೆಂದು ಬೇರೆ ಮಾಡುವುದೇ ಕಷ್ಟವಾಯಿತು. ಜಗಳಕ್ಕೆ ಬಂದವರು ಪರಸ್ಪರರ ಕಂಬಳಿ ಹೊದ್ದು ತೂಕಡಿಸಿದರು. ಎಲ್ಲೋ ಒಂದು ಕುದುರೆ ಕೆನೆಯಿತು, ಆ ಸದ್ದೂ ಹತ್ತಿಯೊಳಗೆ ಸುತ್ತಿಟ್ಟಂತೆ ಕೇಳಿತು. ಎಸೆನ್‌ಕುಲ್ ಎಂದಿನಂತೆ ಕಣ್ಣು ಮುಚ್ಚಿ, ಬಳಸಿಕೊಂಡು ಹೋಗುವ ದಾರಿಯನ್ನು ಮನಸ್ಸಿನಲ್ಲಿ ಹುಡುಕಿದ. ಎಲ್ಲ ದಾರಿಗಳೂ ಆಕಾಶಕ್ಕೆ ಹೋಗುತ್ತಿದ್ದವು.

ಕೊನೆಗೆ ಅವನು ಮೆಲ್ಲನೆ ಇಳಿದು, ಬಂಡೆ ಸವರುತ್ತಾ ಹೋಗಿ ಹಸಿರು ಲಾರಿಯ ಕಿಟಕಿ ತಟ್ಟಿದ.

"ಅಣ್ಣಾ, ಒಂದು ಮಾತು. ಇದು ಹಠ ಅಂತ ತಿಳ್ಕೋಬೇಡಿ. ನನ್ನ ಲಾರಿಗೆ ರಿವರ್ಸ್ ಬೀಳಲ್ಲ."

ಬೆಕ್ತೂರ್ ಬಹಳ ಹೊತ್ತು ಅವನನ್ನೇ ನೋಡಿದ. ಆಮೇಲೆ ಕಿಟಕಿಯ ಗಾಜು ಏರಿಸಿಬಿಟ್ಟ. ಎಲ್ಲ ಮುಗಿಯಿತು ಎಂದುಕೊಂಡು ಎಸೆನ್‌ಕುಲ್ ತಿರುಗುವಷ್ಟರಲ್ಲಿ ಆ ಕಡೆಯ ಬಾಗಿಲು ತೆರೆಯಿತು.

"ಹತ್ತು. ಬಾಗಿಲು ಹಾಕ್ಕೋ. ಇದನ್ನ ಇನ್ನ್ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ."

"ಹೆಂಡ್ತಿಗೆ?"

"ಇಲ್ಲ."

ಬೆಕ್ತೂರ್ ಸುತ್ತ ಮಂಜನ್ನು ಒಮ್ಮೆ ನೋಡಿ, ಎಂಜಿನ್ ಚಾಲೂ ಮಾಡಿ, ಗೇರಿನ ಮೇಲೆ ಕೈಯಿಟ್ಟು ಹಿಂದಕ್ಕೆ ತಳ್ಳಿದ. ಒಳಗಿನಿಂದ ಮುದುಕನೊಬ್ಬ ಏನೋ ನೆನಪು ಮಾಡಿಕೊಳ್ಳಲು ಹೋಗಿ ಅರ್ಧಕ್ಕೇ ಮರೆತ.

"ಚಳಿಗಾಲದಿಂದ ಹೀಗೇ," ಎಂದ ಬೆಕ್ತೂರ್. ಜಗಮೊಂಡನ ದನಿ ಈಗ ಕುರಿಮರಿಯ ದನಿಯಷ್ಟಾಗಿತ್ತು. "ಇಲ್ಲದಿದ್ರೆ ನಿಮ್ಮೂರವರನ್ನ ಬರಬೇಡಿ ಅನ್ನೋಕೆ ನನಗೇನು ಹುಚ್ಚಾ? ಈ ದಾರೀಲಿ ಎದುರಿಗೆ ಗಾಡಿ ಬಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಇಬ್ಬರೂ ಗಾಜಿನಾಚೆಯ ಬಿಳುಪನ್ನು ನೋಡಿದರು. ಎರಡೂರಿನ ಹುಲ್ಲು, ಕುರಿ, ಚಳಿಗಾಲ ಎಲ್ಲವೂ ಒಂದು ಗೇರಿಗೆ ಸಿಕ್ಕಿಹಾಕಿಕೊಂಡಿದ್ದವು. ಮತ್ತೆ ತಲೆಗೆ ತಲೆ ತಾಗಿಸಿ ಮಾತಿಗೆ ಕೂತರು. ಮಂಜು ಸರಿಯುವ ಹೊತ್ತಿಗೆ ಎಲ್ಲ ತೀರ್ಮಾನವಾಗಿತ್ತು.

ಬೆಕ್ತೂರ್ ಲಾರಿಯ ಮೆಟ್ಟಿಲ ಮೇಲೆ ನಿಂತು ಎರಡೂರಿಗೂ ಸಾರಿದ. ಹುಲ್ಲುಗಾವಲು ಅಜ್ಜಂದಿರ ಕಾಲದಲ್ಲಿದ್ದಂತೆ ಇಬ್ಬರಿಗೂ ಸೇರಿದ್ದು. ಇನ್ನು ಮುಂದೆ ಬೆಳಗ್ಗೆ ಹತ್ತುವ ಗಾಡಿಗಳು ಮಾತ್ರ, ಮಧ್ಯಾಹ್ನದ ಮೇಲೆ ಇಳಿಯುವ ಗಾಡಿಗಳು ಮಾತ್ರ. ಯಾರೂ ಯಾರಿಗೂ ಎದುರಾಗಕೂಡದು. ಇಂಥ ದೂರದೃಷ್ಟಿ ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಹಿರಿಯರು ಗಡ್ಡ ನೀವಿಕೊಂಡರು.

"ಇನ್ನೊಂದು," ಎಂದ ಬೆಕ್ತೂರ್. "ಮನೆಗೆ ಬಂದ ಅತಿಥಿಗೆ ನಾವು ಬೆನ್ನು ತೋರಿಸಲ್ಲ. ಎಸೆನ್‌ಕುಲ್‌ಗೆ ಮುಖ ಕೊಟ್ಟೇ ನಾನು ಒಳಗೆ ಕರಕೊಂಡು ಹೋಗ್ತೀನಿ. ಎಂಜಿನ್ ಹಾಕೋದು ಮರ್ಯಾದೆ ಅಲ್ಲ. ಕುದುರೆ ಕಟ್ಟಿ."

ಹಸಿರು ಲಾರಿಯ ಹಿಂಬದಿಗೆ ಕುದುರೆಗಳನ್ನು ಕಟ್ಟಿದರು. ಬೆಕ್ತೂರ್ ಸ್ಟೇರಿಂಗ್ ಹಿಡಿದು, ಮುಖ ಎಸೆನ್‌ಕುಲನ ಕಡೆಗೇ ಇಟ್ಟು, ಒಂದು ಕೈ ಎದೆಯ ಮೇಲಿರಿಸಿ, ಹಿಂದೆ ಹಿಂದೆ ಸಾಗಿದ. ನೀಲಿ ಲಾರಿ ಅವನನ್ನು ಹಿಂಬಾಲಿಸಿ ಗುನುಗುತ್ತಾ ಏರಿತು. ಇಂಥ ಸ್ವಾಗತವನ್ನು ಎರಡೂ ಊರುಗಳು ಕಂಡಿರಲಿಲ್ಲ. ತೆರೆಕ್‌ಬೆಲ್‌ನ ಹೆಂಗಸರು ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. ತುರ್ಗುನ್ ಟೋಪಿ ತೆಗೆದು ಬಂಡೆಗೆ ಒರಗಿ ನಿಂತು, ತನ್ನ ತಂಗಿಯ ಪುಣ್ಯ ಎಂದು ಪಕ್ಕದವನಿಗೆ ಹೇಳಿದ.

ಮೇಲೆ ಹುಲ್ಲುಗಾವಲು ಆಕಾಶದ ತುದಿಯವರೆಗೂ ಬಿದ್ದುಕೊಂಡಿತ್ತು. ಬಂಡೆಯಿಲ್ಲ, ಗೋಡೆಯಿಲ್ಲ, ಎದುರಿಗೆ ಬರುವವರಿಲ್ಲ. ಗುಡಾರ ಎದ್ದು ನಿಂತ ಮೇಲೆ ಎಸೆನ್‌ಕುಲ್ ದಿನವೂ ತೊರೆಯಿಂದ ಪೀಪಾಯಿಗಳಲ್ಲಿ ನೀರು ತರುತ್ತಿದ್ದ. ಎಲ್ಲಿ ಬೇಕಾದರೂ ಎಷ್ಟು ಅಗಲ ಬೇಕಾದರೂ ತಿರುಗಬಹುದಿತ್ತು. ದೊಡ್ಡ ದೊಡ್ಡ ಸುತ್ತು ಹಾಕಿಕೊಂಡು, ಹೂವುಗಳ ನಡುವೆ, ಅವನು ಎಲ್ಲಿಗೂ ಅವಸರವಿಲ್ಲದೆ ತಲಪುತ್ತಿದ್ದ.

ಒಂದು ಸಂಜೆ ಬುರುಲ್ ಕೂಡ ನೀರಿಗೆ ಬಂದಳು. ವಾಪಸು ಬರುವಾಗ, ಕಿಟಕಿಯ ಮೇಲೆ ಮೊಣಕೈಯಿಟ್ಟು, ಏನೋ ಅಡುಗೆಯ ಮಾತಾಡುವವಳಂತೆ ಕೇಳಿದಳು. "ಇದರ ರಿವರ್ಸ್ ಯಾವತ್ತು ರಿಪೇರಿ ಮಾಡಿಸ್ತೀರಿ?"

ಎಸೆನ್‌ಕುಲ್ ಹೆಂಡತಿಯ ಕಡೆ ತಿರುಗಿದ. ಯಾವಾಗ ಗೊತ್ತಾಯಿತು ಎಂದ.

"ಗೋಡೆ ಬಿದ್ದ ದಿನಾನೇ. ನೀವಾಗಿ ನೀವು ಗೋಡೆ ಕೆಡವೋರಾ?"

ಎಸೆನ್‌ಕುಲ್ ಹೂವಿನ ಪೊದೆಯೊಂದನ್ನು ಬಳಸಿ ಮುಂದೆ ಓಡಿಸಿದ. ಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನಂತೆ, ಬೆಕ್ತೂರ್ ವಿಚಾರಿಸಿದ್ದಾನೆ, ಬೆಳಗ್ಗೆ ಬಿಟ್ಟರೆ ಸಂಜೆಗೆ ಸರಿ ಮಾಡಿ ಕೊಡುತ್ತಾನಂತೆ ಎಂದ. ಇಬ್ಬರೂ ಒಟ್ಟಿಗೇ ಹೋಗಿ ಬರೋಣ ಎಂದು ಮಾತಾಡಿಕೊಂಡಿದ್ದೇವೆ ಎಂದ.

"ಸರಿ ಆದ್ಮೇಲೆ ಎದುರಿಗೆ ನಮ್ಮಣ್ಣನ ಲಾರಿ ಬಂದ್ರೆ?"

"ನಾನೇ ಹಿಂದಕ್ಕೆ ತಗೋಬೇಕಾಗುತ್ತೆ."

"ಜಿಲ್ಲಾಧಿಕಾರಿ ಬಂದ್ರೆ?"

"ಆಗಲೂ ಅಷ್ಟೇ."

ಬುರುಲ್ ಹೊರಗೆ ನೋಡಿದಳು. ಕುದುರೆಗಳು ಹೊಟ್ಟೆಯವರೆಗೂ ಹುಲ್ಲಿನಲ್ಲಿ ಮುಳುಗಿ ಮೇಯುತ್ತಿದ್ದವು. ಗುಡಾರಗಳ ನೆತ್ತಿಯಿಂದ ಹೊಗೆ ನೆಟ್ಟಗೆ ಏಳುತ್ತಿತ್ತು.

"ಹಾಗಾದ್ರೆ ಬೇಡ ಬಿಡಿ," ಎಂದಳು.

ಈ ಮಾತುಕತೆಯಲ್ಲಿ ಅವರ ಗುಡಾರ ಪಕ್ಕದಲ್ಲೇ ಹಾದು ಹಿಂದೆ ಉಳಿದುಹೋಗಿತ್ತು. ಎಸೆನ್‌ಕುಲ್ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದ. ಬುರುಲ್ ಅವನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಳು. ಪೀಪಾಯಿಗಳಲ್ಲಿ ನೀರು ತುಳುಕುತ್ತಿತ್ತು. ನೀಲಿ ಲಾರಿ ಇಡೀ ಹುಲ್ಲುಗಾವಲನ್ನು ಬಳಸಿ ಇನ್ನೊಂದು ದೊಡ್ಡ ಸುತ್ತಿಗೆ ಹೊರಟಿತು.